ಆದರ್ಶದ ಮಾತನ್ನು ಅಫಿಡವಿಟ್‌ನಲ್ಲಿ ಪರೀಕ್ಷಿಸುವ ಬಗೆ

‘ರಾಜಕೀಯಕ್ಕೆ ಬಂದಿರೋದು ಸೇವೆಗೆ, ಸಂಪಾದನೆಗಲ್ಲ’ ಎನ್ನದ ಅಭ್ಯರ್ಥಿ ಇಲ್ಲ. ಹಾಗೆ ಬದುಕುವವರು ಮಾತ್ರ ವಿರಳ. ಅವರನ್ನು ಭಾಷಣದಲ್ಲಿ ಹುಡುಕಿ ಪ್ರಯೋಜನವಿಲ್ಲ. ನಾಮಪತ್ರದ ಜೊತೆ ಕೊಡುವ ಫಾರಂ 26ರ ಅಫಿಡವಿಟ್, ಅಂದರೆ ಆಸ್ತಿ, ಸಾಲ, ಆದಾಯ, ಕ್ರಿಮಿನಲ್ ಪ್ರಕರಣಗಳ ಪ್ರಮಾಣಪತ್ರ ಓದಿ.

ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಅದು ಸಿಗುತ್ತದೆ. ಒಬ್ಬರು ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು, ಹಾಗಾಗಿ ಹಲವು ಪ್ರತಿಗಳಿದ್ದರೆ ಕೊನೆಯ ದಿನಾಂಕದ್ದನ್ನು ಇಳಿಸಿಕೊಳ್ಳಿ. ಅದೇ ವ್ಯಕ್ತಿಯ ಹಿಂದಿನ ಚುನಾವಣೆಯದೂ ಬೇಕು. ಒಂದೇ ಅಫಿಡವಿಟ್‌ನಿಂದ ಸಿರಿವಂತಿಕೆ ಗೊತ್ತಾಗುತ್ತದೆ, ನಡತೆಯಲ್ಲ. ಸಿರಿವಂತಿಕೆ ತಪ್ಪೂ ಅಲ್ಲ.

‘ಆಸ್ತಿ ಇಷ್ಟು ಪಟ್ಟು ಏರಿಕೆ’ ಎಂಬ ಟಿವಿ ಸುದ್ದಿ ಸಾಮಾನ್ಯವಾಗಿ ಒಟ್ಟು ಮೊತ್ತ ನೋಡಿ ಹುಟ್ಟುವಂಥದ್ದು. ಬೆಂಗಳೂರಿನ ಅಂಚಿನಲ್ಲಿ ಅಜ್ಜನ ಕಾಲದ ಎರಡು ಎಕರೆ ಇದ್ದರೆ, ಏನೂ ಮಾಡದಿದ್ದರೂ ಮೊತ್ತ ಏರುತ್ತದೆ. ಅದಕ್ಕೇ ಭಾಗ ‘ಎ’ ನೋಡಿ: ಸರ್ವೆ ನಂಬರ್, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡ ಬೆಲೆ ಅಲ್ಲಿರುತ್ತವೆ. ಹಳೆಯ ಪಟ್ಟಿಯಲ್ಲಿಲ್ಲದ ಸರ್ವೆ ನಂಬರ್‌ಗಳಿಗೆ ಗುರುತು ಹಾಕಿ. ಅವುಗಳ ಖರೀದಿ ಬೆಲೆಗೆ ಠೇವಣಿ, ಷೇರುಗಳಲ್ಲಿ ಹೆಚ್ಚಾದದ್ದನ್ನು ಕೂಡಿಸಿ. ಹೆಚ್ಚಿದ ಸಾಲವನ್ನೂ ಮಾರಿದ ಆಸ್ತಿಯಿಂದ ಬಂದ ಹಣವನ್ನೂ ಕಳೆಯಿರಿ. ಚಿನ್ನವನ್ನು ರೂಪಾಯಿಯಲ್ಲಲ್ಲ, ಗ್ರಾಂನಲ್ಲಿ ಹೋಲಿಸಿ. ಉಳಿದ ಮೊತ್ತವನ್ನು ಅಭ್ಯರ್ಥಿ ಮತ್ತು ಸಂಗಾತಿಯ ಐದು ವರ್ಷದ ಆದಾಯದ ಪಕ್ಕ ಇಡಿ. 2019ರಿಂದ ಐದೂ ವರ್ಷದ್ದು ಕೊಡುವುದು ಕಡ್ಡಾಯ. ತಾಳೆಯಾಗದಿದ್ದರೆ ಕೂಡಲೇ ಕಳ್ಳ ಎನ್ನಬೇಡಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್‌ನ ಅಂಕಿಯಲ್ಲಿ ಅದು ಸೇರದೇ ಇರಬಹುದು. ಎಷ್ಟು ಎಕರೆ, ಯಾವ ಬೆಳೆ ಎಂದು ಕೇಳಿದರೆ ಆ ಸಬೂಬಿನ ತೂಕ ತಿಳಿಯುತ್ತದೆ.

ಸರ್ವೆ ನಂಬರನ್ನು ಕಂದಾಯ ಇಲಾಖೆಯ ‘ಭೂಮಿ’ ತಂತ್ರಾಂಶದಲ್ಲಿ ಹಾಕಿ ಪಹಣಿ ತೆಗೆಯಿರಿ. ಕಾಲಂ 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ಋಣ. ಹಿಸ್ಸಾ ನಂಬರ್ ತಪ್ಪಿದರೆ ಬೇರೆಯವರ ಜಮೀನು ತೋರಿಸುತ್ತದೆ, ಎಚ್ಚರ. ಒಂದು ಕಿಂಡಿ ಮಾತ್ರ ಮುಚ್ಚಲಾಗದು: ಅವಲಂಬಿತರಲ್ಲದ ಮಕ್ಕಳ, ಅಣ್ಣತಮ್ಮಂದಿರ ಆಸ್ತಿ ಅಫಿಡವಿಟ್‌ಗೆ ಬರುವುದೇ ಇಲ್ಲ.

ಪ್ರಕರಣಗಳ ಪಟ್ಟಿಯಲ್ಲಿ ಎಣಿಕೆಗಿಂತ ಕಲಂ ಮುಖ್ಯ. ಐಪಿಸಿ 143, 188, 341 ಇದ್ದರೆ ಅದು ಹೆಚ್ಚಾಗಿ ಧರಣಿ, ರಸ್ತೆ ತಡೆಯ ಕೇಸು; ನಿಜವಾದ ಹೋರಾಟಗಾರರಿಗೆ ಅಂಥವು ಇದ್ದೇ ಇರುತ್ತವೆ. 420 (ವಂಚನೆ) ಅಥವಾ ಭ್ರಷ್ಟಾಚಾರ ತಡೆ ಕಾಯ್ದೆ ಕಂಡರೆ ‘ಆರೋಪ ನಿಗದಿಯಾಗಿದೆಯೇ’ ಎಂಬ ಸಾಲನ್ನು ಓದಿ. 2024ರ ಜುಲೈ 1ರಿಂದಾಚೆಗಿನ ಕೃತ್ಯಗಳಿಗೆ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ. 420ರ ಜಾಗದಲ್ಲಿ 318(4) ಇರುತ್ತದೆ. ಅಫಿಡವಿಟ್‌ನ ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಸುಳ್ಳು ಹೇಳಿದರೆ, ಮಾಹಿತಿ ಮುಚ್ಚಿಟ್ಟರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 125ಎ ಪ್ರಕಾರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ.

ಕೊನೆಗೆ ಖರ್ಚಿನ ಲೆಕ್ಕ. 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜನರ ಬಳಿ ಓಟಿನ ಜೊತೆ ನೋಟನ್ನೂ ಕೇಳಿದ್ದರು. ಈಗ ನೋಟು ಹರಿಯುವ ದಿಕ್ಕೇ ತಿರುಗಿದೆ. 2022ರಲ್ಲಿ ನಿಗದಿಯಾದಂತೆ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ಮಿತಿ 40 ಲಕ್ಷ ರೂಪಾಯಿ. ಫಲಿತಾಂಶದ 30 ದಿನದೊಳಗೆ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೊತ್ತಕ್ಕಿಂತ ಬಾಬ್ತು ನೋಡಿ: ನಿಮ್ಮೂರಿನ ಸಭೆಯ ದಿನಾಂಕಕ್ಕೆ ಶಾಮಿಯಾನ, ವಾಹನ, ಊಟ ಎಷ್ಟು ತೋರಿಸಿದ್ದಾರೆ? ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ, ಹಾಗಾಗಿ ‘ಅದು ಪಕ್ಷದ್ದು’ ಎಂಬ ಉತ್ತರ ಸಿದ್ಧವಿರುತ್ತದೆ. ವೇದಿಕೆಯಲ್ಲಿ ಅಭ್ಯರ್ಥಿಯೇ ಇದ್ದರೆ ಆ ಉತ್ತರ ಸುಲಭಕ್ಕೆ ನಿಲ್ಲುವುದಿಲ್ಲ.