ಬೇಸ್‌ಬಾಲ್ ಬೀಸು: ಮೊದಲು ಸೊಂಟ, ಆಮೇಲೆ ಕೈ

ವಿಜಯಪುರ, ಬಾಗಲಕೋಟೆ ಕಡೆ ಬೇಸ್‌ಬಾಲ್ ಬ್ಯಾಟು ಹಿಡಿಯುವವರು ಹೆಚ್ಚಾಗಿ ಕ್ರಿಕೆಟ್ ಆಡಿಯೇ ಬಂದಿರುತ್ತಾರೆ. ತೊಡಕು ಶುರುವಾಗುವುದು ಅಲ್ಲೇ. ಕ್ರಿಕೆಟ್‌ನಲ್ಲಿ ಚೆಂಡು ಬೀಳುವ ಕಡೆ ಮುಂಗಾಲು ಹಾಕಿ, ತಲೆಯನ್ನೂ ಒಯ್ಯಬೇಕು. ಇಲ್ಲಿ ಚೆಂಡು ನೆಲ ಮುಟ್ಟದೇ ಬರುತ್ತದೆ. ತಲೆ ಅದರೆದುರು ಓಡಿದರೆ ಚೆಂಡು ಇನ್ನೂ ಜೋರಾಗಿ ಬಂದಂತೆ ಕಾಣುತ್ತದೆ.

ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುವುದಾದರೆ, ಪಾದಗಳು ಹೆಗಲಿಗಿಂತ ತುಸು ಅಗಲ, ಮೊಣಕಾಲು ಸಡಿಲ, ಭಾರ ಹಿಂಗಾಲಿನ ಮೇಲೆ ಸ್ವಲ್ಪ ಹೆಚ್ಚು. ಕುಸ್ತಿಗೆ ನಿಂತವನ ನಿಲುವು ಅನ್ನಿ. ಬ್ಯಾಟನ್ನು ಅಂಗೈಯಲ್ಲಿ ಅವಚಬೇಡಿ, ಬೆರಳುಗಳಲ್ಲಿ ಹಿಡಿಯಿರಿ. ಎರಿ ನೆಲ ಬಿರುಕು ಬಿಟ್ಟಿದ್ದರೆ ಹಿಂಗಾಲು ಊರುವ ಜಾಗವನ್ನು ಮೊದಲು ಬಡಿದು ಸಮ ಮಾಡಿಕೊಳ್ಳಿ. ಪಾದ ಬಿರುಕಿನಲ್ಲಿ ಸಿಕ್ಕರೆ ಸೊಂಟ ತಿರುಗುವುದಿಲ್ಲ, ಮೊಣಕಾಲು ತಿರುಚಿಕೊಳ್ಳುತ್ತದೆ.

ಪಿಚರ್ (ಚೆಂಡು ಎಸೆಯುವವನು) ನಿಲ್ಲುವುದು 60 ಅಡಿ 6 ಇಂಚು ದೂರದಲ್ಲಿ. ಗಂಟೆಗೆ 145 ಕಿ.ಮೀ. ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ, ಬೀಸಿಗೇ 0.15 ಸೆಕೆಂಡು ಬೇಕು. ಹಾಗಾಗಿ ಚೆಂಡು ನೋಡಿದ ಮೇಲೆ ತಯಾರಾಗುತ್ತೇನೆ ಅಂದರೆ ನಡೆಯದು. ಪಿಚರ್ ಕಾಲೆತ್ತಿದಾಗಲೇ ನಿಧಾನವಾಗಿ ಭಾರ ಹಿಂದಕ್ಕೆ ತನ್ನಿ. ಚೆಂಡು ಕೈ ಬಿಡುವ ಹೊತ್ತಿಗೆ ಮುಂಗಾಲು ಗೇಣಿಗಿಂತ ಹೆಚ್ಚು ಸರಿಯದಂತೆ, ಮೆತ್ತಗೆ ಊರಿ. ಕಾಲು ಮುಂದೆ ಹೋದರೂ ಕೈಗಳು ಹಿಂಭುಜದ ಹತ್ತಿರವೇ ಇರಲಿ. ಹೊಡೆಯುವುದೋ ಬಿಡುವುದೋ ಅನ್ನುವ ತೀರ್ಮಾನ ಕಾಲು ಊರಿದ ಮೇಲಿನದು.

ಇನ್ನು ಬೀಸು. ಬಾರುಕೋಲು ಬೀಸಿದಾಗ ಮೊದಲು ಕೋಲು ಹೋಗುತ್ತದೆ, ಬಾರು ಹಿಂದಿನಿಂದ ಬಂದು ಚಟ್ಟೆನ್ನುತ್ತದೆ. ಹಾಗೆಯೇ ಸೊಂಟ ಮೊದಲು, ಆಮೇಲೆ ಹೆಗಲು, ಕೈ, ಕೊನೆಗೆ ಬ್ಯಾಟಿನ ತುದಿ. ಹಿಂಗಾಲಿನ ಹಿಮ್ಮಡಿ ಎದ್ದು ಪಾದ ತಿರುಗಬೇಕು, ಮುಂಗಾಲು ಗಟ್ಟಿಯಾಗಿ ತಡೆಯಬೇಕು. ಚೆಂಡು ತಾಗುವಾಗ ಬಲ ಅಂಗೈ ಮೇಲ್ಮುಖ, ಎಡ ಅಂಗೈ ಕೆಳಮುಖ: ಜಾಲಿ ಮರಕ್ಕೆ ಅಡ್ಡ ಕೊಡಲಿ ಹಾಕುವ ಹಿಡಿತ. ಮಣಿಕಟ್ಟು ಆಗಲೇ ಉರುಳಿದರೆ ಚೆಂಡು ನೆಲಕ್ಕೆ ಬಡಿಯುತ್ತದೆ.

ಕೈಗಳು ಮೈ ಬಿಟ್ಟು ದೂರ ಸುತ್ತಿ ಬರುವುದು ಎಲ್ಲಕ್ಕಿಂತ ಹಟಮಾರಿ ತಪ್ಪು. ಬ್ಯಾಟಿನ ಬುಡ ಹೊಟ್ಟೆಗೆ, ತುದಿ ಅಭ್ಯಾಸದ ಬಲೆಗೆ ತಾಗುವಷ್ಟು ದೂರದಲ್ಲಿ ಬಲೆಗೆ ಎದುರಾಗಿ ನಿಂತು ಅಳೆದುಕೊಳ್ಳಿ. ನಿಂತ ಜಾಗ ಬದಲಿಸದೆ, ಬಲೆಗೆ ಎದುರಾಗಿಯೇ, ಚೆಂಡು ಎಡದಿಂದ ಬರುತ್ತದೆಂದುಕೊಂಡು ನಿಧಾನವಾಗಿ ಬೀಸಿ. ತುದಿ ಬಲೆಗೆ ಬಡಿದರೆ ಕೈ ಬೇಗ ಚಾಚಿದೆ ಎಂದರ್ಥ. ಹತ್ತರಲ್ಲಿ ಎಂಟು ಸಲ ತಾಗದೆ ಹೋಗುವವರೆಗೆ ವೇಗ ಏರಿಸಬೇಡಿ.

ಆಮೇಲೆ ಜೊತೆಗಾರನಿಂದ ಒಂದು ಜೋರು, ಒಂದು ನಿಧಾನ ಎಸೆತ ಹಾಕಿಸಿ. ಚೆಂಡು ಎಡಕ್ಕೆ ಫೌಲ್ (ಗೆರೆಯಾಚೆ) ಹೋಗುತ್ತಿದ್ದರೆ ಅವಸರವಾಯಿತು, ಬಲಕ್ಕೆ ಹೋದರೆ ತಡ. ತಡವಾದರೆ ಕೈ ಜೋರು ಮಾಡಲು ಹೋಗದೆ, ಭಾರ ಹಿಂದಕ್ಕೆ ತರುವುದನ್ನೇ ಇನ್ನಷ್ಟು ಬೇಗ ಶುರು ಮಾಡಿ.