ಪಾರ್ಸೆಲ್ ಕೈಮರದ ಅಂಗಡಿಗೆ ಬಂದರೂ ಹಕ್ಕು ನಮ್ಮದೇ

ತೀರ್ಥಹಳ್ಳಿ–ಆಗುಂಬೆ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ನಮ್ಮಂಥ ಊರುಗಳಲ್ಲಿ ಕೊರಿಯರ್ ಹುಡುಗರು ಮನೆಬಾಗಿಲಿಗೆ ಬರುವುದು ಅಪರೂಪ. ಪಾರ್ಸೆಲ್ ಕೈಮರದ ಅಂಗಡಿಯಲ್ಲಿ ಇಳಿಯುತ್ತದೆ. ಆಮೇಲೆ ಫೋನ್: "ಅಣ್ಣಾ, ಅಂಗಡಿಯಲ್ಲಿ ಇಟ್ಟಿದ್ದೇನೆ, ಓಟಿಪಿ ಹೇಳಿ." ನಾನು ಹೇಳುವುದಿಲ್ಲ. ಓಟಿಪಿ ಕೊಟ್ಟರೆ ವಸ್ತು ನಮ್ಮ ಕೈ ಸೇರಿತು ಎಂದು ದಾಖಲಾಗುತ್ತದೆ, ವಾಪಸು ಮಾಡುವ ಗಡುವೂ ಅಲ್ಲಿಂದಲೇ ಓಡತೊಡಗುತ್ತದೆ. ಮಳೆಯಲ್ಲಿ ಬೈಕ್ ಓಡಿಸುವ ಆ ಹುಡುಗರ ಕಷ್ಟ ನನಗೆ ಗೊತ್ತು. ಆದರೂ "ಸ್ವಲ್ಪ ನಿಲ್ಲಪ್ಪಾ, ಬಂದೆ, ಆಗದಿದ್ದರೆ ನಾಳೆ ತಾ" ಎನ್ನುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

ಕಳೆದ ಮಳೆಗಾಲಕ್ಕೆ ಮುಂಚೆ ಕಾಳುಮೆಣಸಿನ ಬಳ್ಳಿಗೆ ಬೋರ್ಡೋ (ಕೊಳೆರೋಗ ತಡೆಯುವ ಮೈಲುತುತ್ತ–ಸುಣ್ಣದ ದ್ರಾವಣ) ಹೊಡೆಯಲು ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ತರಿಸಿದೆ. ಮಾರಾಟದ ಪುಟದಲ್ಲಿ 12 ವೋಲ್ಟ್, 12 ಆಂಪಿಯರ್-ಅವರ್ ಬ್ಯಾಟರಿ ಎಂದಿತ್ತು. ಹಣ ಕಟ್ಟುವ ಮೊದಲೇ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೆ. ಚಿತ್ರ, ಬೆಲೆಗಳ ಜೊತೆಗೆ ಕೆಳಗೆ ಸಣ್ಣ ಅಕ್ಷರದಲ್ಲಿರುವ ಮಾರಾಟಗಾರನ ಹೆಸರು, ವಿಳಾಸವೂ ಅದರಲ್ಲಿ ಬರಬೇಕು. ಪುಟವನ್ನು ಯಾವಾಗ ಬೇಕಾದರೂ ತಿದ್ದಬಹುದು. ನಮ್ಮ ಮೊಬೈಲಿನಲ್ಲಿರುವುದನ್ನು ತಿದ್ದಲು ಅವರಿಗೆ ಆಗುವುದಿಲ್ಲ.

ಪೆಟ್ಟಿಗೆಯನ್ನು ಅಂಗಡಿಯ ಜಗಲಿಯಲ್ಲೇ ಬಿಚ್ಚಿದೆ, ವಿಡಿಯೋ ಮಾಡಿಕೊಂಡು. ಮೊದಲು ವಿಳಾಸದ ಚೀಟಿ, ನಂತರ ಟೇಪು, ನಂತರ ಒಳಗಿನ ವಸ್ತು, ನಡುವೆ ಎಲ್ಲೂ ನಿಲ್ಲಿಸದೆ. ಟ್ಯಾಂಕಿನ ಅಡಿಯ ಮುಚ್ಚಳದ ಸ್ಕ್ರೂ ತೆಗೆದರೆ ಬ್ಯಾಟರಿ ಕಾಣುತ್ತದೆ. ಅದರ ಮೇಲಿನ ಚೀಟಿಯಲ್ಲಿ 12 ವೋಲ್ಟ್ ಸರಿಯಾಗಿತ್ತು, ಪಕ್ಕದಲ್ಲಿ 8 ಆಂಪಿಯರ್-ಅವರ್ ಎಂದಿತ್ತು. ಮೂರರಲ್ಲೊಂದು ಪಾಲು ಶಕ್ತಿಯೇ ಖೋತಾ. ಇಳಿಜಾರಿನ ತೋಟದಲ್ಲಿ ಅರ್ಧ ಸಾಲಿಗೆ ಪಂಪು ಸೊರಗಿದರೆ, ಚಾರ್ಜ್ ಮಾಡಲು ಮನೆಗೆ ಹತ್ತಿ ಬರಬೇಕು. ಆ ಹೊತ್ತಿಗೆ ಕರೆಂಟ್ ಇರಬೇಕಲ್ಲ!

ಮಾರಾಟಗಾರನ ಉತ್ತರ: "ಸ್ಕ್ರೂ ಬಿಚ್ಚಿದ್ದೀರಿ, ವಾಪಸು ಪಡೆಯುವುದಿಲ್ಲ." ಈ ಮಾತಿಗೆ ಎಷ್ಟೋ ಜನ ಸುಮ್ಮನಾಗಿಬಿಡುತ್ತಾರೆ, ಅದು ನನಗೆ ಸಂಕಟದ ವಿಷಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ವಸ್ತು ದೋಷಯುಕ್ತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಜಾಲತಾಣದವರು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಪ್ರಕಟಿಸಿರಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆ್ಯಪ್‌ನ ಚಾಟ್‌ನಲ್ಲಿ ಬರುವ ಸಿದ್ಧ ಉತ್ತರಗಳ ಜೊತೆ ಗುದ್ದಾಡುವುದನ್ನು ಬಿಟ್ಟು ನಾನು ನೇರವಾಗಿ ಈ ಅಧಿಕಾರಿಗೆ ಇಮೇಲ್ ಬರೆದೆ. ಬಿಲ್, ಸ್ಕ್ರೀನ್‌ಶಾಟ್, ಬ್ಯಾಟರಿಯ ಫೋಟೋ ಲಗತ್ತಿಸಿದೆ. ದೂರು ತಲುಪಿದೆ ಎಂಬ ಉತ್ತರ ಬಂತು, ಅನಂತರ ಮೌನ.

ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತನಾಡಬಹುದು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುತ್ತದೆ. ನನ್ನ ವಿಷಯದಲ್ಲಿ ಅಷ್ಟೇ ಸಾಕಾಯಿತು, ಪೂರ್ತಿ ಹಣ ಮರಳಿತು.

ಮರಳದಿದ್ದರೆ ಎಂದು ಮುಂದಿನ ಹೆಜ್ಜೆಗೂ ಕಾಗದ ಸಿದ್ಧವಿತ್ತು. ಕಂಪನಿ ಯಾವ ಮಹಾನಗರದಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಅದು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ತಾಣದ ಮೂಲಕವೂ ಸಲ್ಲಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು, ಅಷ್ಟೇ. ತೋಟಕ್ಕೆ ಕೊಂಡದ್ದು ವ್ಯಾಪಾರದ ಉದ್ದೇಶ, ಆದ್ದರಿಂದ ನೀವು ಗ್ರಾಹಕರಲ್ಲ ಎಂದು ಎದುರಿನವರು ವಾದಿಸಬಹುದು. ಜೀವನೋಪಾಯದ ಸ್ವಂತ ದುಡಿಮೆಗೆ ಕೊಂಡವರು ಕಾಯ್ದೆಯ ದೃಷ್ಟಿಯಲ್ಲಿ ಗ್ರಾಹಕರೇ. ನಮ್ಮ ರೈತರು ದೂರಿನಲ್ಲಿ ಈ ಒಂದು ವಾಕ್ಯವನ್ನು ತಪ್ಪದೆ ಸೇರಿಸಬೇಕು.

ಇನ್ನೊಂದು ಅಪಾಯ ಹಣ ವಾಪಸು ಬರುವ ಹೊತ್ತಿನದು. ಪಕ್ಕದ ಮನೆಯ ಅತ್ತೆಯೊಬ್ಬರು ಸೀರೆ ಹಿಂದಿರುಗಿಸಲು ಗೂಗಲ್‌ನಲ್ಲಿ ಸಿಕ್ಕಿದ ಸಂಖ್ಯೆಗೆ ಕರೆ ಮಾಡಿದ್ದರು. ಅತ್ತಲಿನವನು "ಹಣ ಜಮಾ ಆಗಲು ಪಿನ್ ಒತ್ತಿ" ಎಂದನಂತೆ. ಅವರು ಮೊಬೈಲ್ ಹಿಡಿದು ನಮ್ಮ ಅಂಗಳಕ್ಕೆ ಬಂದು ಕೇಳಿದ್ದರಿಂದ ಉಳಿದರು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು. ಪಡೆಯಲು ಅದು ಬೇಡವೇ ಬೇಡ. ಕಂಪನಿಯ ಸಹಾಯವಾಣಿ ಸಂಖ್ಯೆ ಬೇಕಿದ್ದರೆ, ವಸ್ತು ಕೊಂಡ ಆ್ಯಪ್‌ನ ಒಳಗೇ ಹುಡುಕಬೇಕು.

ಹಣ ಹೋಗಿಯೇಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿರಲಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ದೂರು ದಾಖಲಾದರೆ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ಮನೆಯಲ್ಲಿ ಸಿಗ್ನಲ್ ಇಲ್ಲವೆಂದು ಬೆಳಗಿನವರೆಗೆ ಕಾಯಬೇಡಿ, ಟಾರ್ಚ್ ಹಿಡಿದು ಸಿಗ್ನಲ್ ಸಿಗುವ ದಿಬ್ಬ ಹತ್ತಿ ಆಗಲೇ ಕರೆ ಮಾಡಿ.