ಫೀಸಿಗಲ್ಲ, ಬಾಡಿಗೆಗೆ ದುಡ್ಡು ಕೇಳುತ್ತೇನೆ

ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಓದಿನ ಸರ್ಕಾರಿ ಕಾಲೇಜು) ಫೌಂಡೇಶನ್ನಿಗೆ ದೇಣಿಗೆ ಎತ್ತುವುದು ನನ್ನ ಕೆಲಸ. ಇಲ್ಲಿನ ಕನ್ನಡ ಗೆಳೆಯರು ಮೊದಲು ಕೇಳುವುದು ಒಂದೇ: "ಅದು ಸರ್ಕಾರಿ ಕಾಲೇಜು ಅಲ್ವಾ? ಫೀಸೂ ಕಡಿಮೆ. ಮತ್ತೆ ದುಡ್ಡು ಯಾಕೆ?"

ಫೀಸು ಕಡಿಮೆಯೇ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ, ಅಂದರೆ ಪಾಠದ ಒಂದು ಕ್ರೆಡಿಟ್ಟಿಗೆ, 46 ಡಾಲರ್. ಬಡವರಿಗೆ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರ್ಯಾಂಟ್‌ನಲ್ಲಿ ಅದೂ ಮಾಫಿ. ಆದರೆ ಹುಡುಗರು ಓದು ಬಿಡುವುದು ಬಾಡಿಗೆ ಕಟ್ಟಲಾಗದೆ, ಕಾರು ಕೆಟ್ಟು ನಿಂತಾಗ, ಮಗುವನ್ನು ನೋಡಿಕೊಳ್ಳುವವರು ಸಿಗದಾಗ. ನಮ್ಮಲ್ಲಿ ಬಹಳ ಜನ ದುಡಿಯುತ್ತಲೇ ಓದುವವರು. ಕೆಲವು ನೂರು ಡಾಲರ್ ಹೊಂದಿಸಲಾಗದೆ ಸೆಮಿಸ್ಟರ್ ಮಧ್ಯೆ ಬಿಟ್ಟುಹೋಗುವವರನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ.

ಫೌಂಡೇಶನ್ ಕಾಲೇಜಿಗಾಗಿಯೇ ಇದ್ದರೂ ಕಾನೂನಿನ ಪ್ರಕಾರ ಬೇರೆ ಸಂಸ್ಥೆ. ಅದಕ್ಕೆ ತನ್ನದೇ ಬೋರ್ಡು, ತನ್ನದೇ ಲೆಕ್ಕ. ಧರ್ಮಾರ್ಥ ಸಂಸ್ಥೆ ಎಂಬ ತೆರಿಗೆ ಕಾನೂನಿನ 501(ಸಿ)(3) ಮಾನ್ಯತೆ ಇರುವುದರಿಂದ ದಾನಿಗೆ ತೆರಿಗೆ ವಿನಾಯಿತಿ ಸಿಗಬಹುದು. ಬೋರ್ಡಿನವರು ಸಂಬಳ ಪಡೆಯದ ಊರ ಜನ. ಪ್ರತಿ ವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ಲೆಕ್ಕದ ವರದಿ, ಫಾರ್ಮ್ 990, ಯಾರು ಬೇಕಾದರೂ ನೋಡಬಹುದು. ಹೊಸ ದಾನಿಗೆ ನಾನು ಅದನ್ನೇ ಮೊದಲು ಕೊಡುತ್ತೇನೆ.

ಹೆಚ್ಚಿನವರಿಗೆ ತಂದೆ ತಾಯಿಯ ಹೆಸರಲ್ಲಿ ದತ್ತಿನಿಧಿ ಇಡುವ ಆಸೆ. ಒಳ್ಳೆಯದೇ. ಅಸಲು ಹಾಗೇ ಇರುತ್ತದೆ, ವರ್ಷಕ್ಕೆ ಶೇ. 4ರಷ್ಟು ತೆಗೆದರೆ 25,000 ಡಾಲರಿಗೆ 1,000 ಡಾಲರಿನ ಒಂದು ಸ್ಕಾಲರ್‌ಶಿಪ್. 2008ರಲ್ಲಿ ಬರ್ನಾರ್ಡ್ ಓಶರ್ ಫೌಂಡೇಶನ್ ಎಂಬ ಖಾಸಗಿ ದಾನಸಂಸ್ಥೆ ಈ ರಾಜ್ಯದ ಕಮ್ಯುನಿಟಿ ಕಾಲೇಜುಗಳಿಗೆ ಇಂಥದೇ ದೊಡ್ಡ ದತ್ತಿ ಘೋಷಿಸಿತು. ಅದರ ಒಂದು ಭಾಗ ಬೇಕಿದ್ದರೆ ಕಾಲೇಜುಗಳೂ ತಮ್ಮ ಕಡೆಯಿಂದ ಹಣ ಎತ್ತಬೇಕಿತ್ತು. ಆದರೆ ಇವತ್ತು ಮನೆ ಖಾಲಿ ಮಾಡು ಅಂದಿರುವ ಹುಡುಗಿಗೆ ಬರುವ ವರ್ಷದ ಸ್ಕಾಲರ್‌ಶಿಪ್ಪಿನಿಂದ ಏನೂ ಆಗದು. ಹಾಗಾಗಿ ನಾನು ಜಾಸ್ತಿ ಹೊತ್ತು ಕಳೆಯುವುದು ತುರ್ತು ನಿಧಿಗೆ.

ಅದಕ್ಕೆ ಮೊದಲು ಕೇಳಿದ್ದು ಕಾಲೇಜಿನವರನ್ನೇ. ತಿಂಗಳ ಸಂಬಳದಲ್ಲಿ ಹತ್ತು ಇಪ್ಪತ್ತು ಡಾಲರ್ ಹಿಡಿದುಕೊಳ್ಳಿ ಎಂದು ಮೇಷ್ಟ್ರುಗಳು, ಗುಮಾಸ್ತರು, ತೋಟದ ಕೆಲಸದವರು ಸಹಿ ಹಾಕಿದರು. ಸಿಬ್ಬಂದಿಯೇ ಕೊಡುತ್ತಿದ್ದಾರೆ ಅಂದಾಗ ಹೊರಗಿನವರು ಕಿವಿಗೊಡುತ್ತಾರೆ. ಹಳೆ ವಿದ್ಯಾರ್ಥಿಗಳನ್ನು ಹಿಡಿಯುವುದು ಕಷ್ಟ. ಇಲ್ಲಿಂದ ದೊಡ್ಡ ಯೂನಿವರ್ಸಿಟಿಗೆ ಹೋದವರು ಡಿಗ್ರಿ ಕೊಟ್ಟ ಕಡೆಗೇ ಚೆಕ್ ಬರೆಯುತ್ತಾರೆ. ನಿವೃತ್ತರು ಮಾತ್ರ ನಮ್ಮ ದೊಡ್ಡ ಬಲ. ಎಪ್ಪತ್ತೂವರೆ ವಯಸ್ಸು ದಾಟಿದವರು ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಯಿಂದ ನೇರವಾಗಿ ಕೊಟ್ಟರೆ, ಮಿತಿಯೊಳಗೆ, ಆ ಹಣ ಅವರ ಆದಾಯಕ್ಕೆ ಸೇರುವುದಿಲ್ಲ.

ಒಬ್ಬ ಹಿರಿಯರು ಚೆಕ್ ಬರೆಯುತ್ತಾ, "ಇದು ನಮ್ಮ ಪಕ್ಕದ ಮನೆ ಹುಡುಗನಿಗೇ ಸಿಗಲಿ" ಅಂದರು. "ಅಂಕಲ್, ಹಾಗೆ ಒಬ್ಬರ ಹೆಸರು ಬರೆದರೆ ಅದು ದಾನ ಅನ್ನಿಸಿಕೊಳ್ಳಲ್ಲ, ವಿನಾಯಿತಿಯೂ ಸಿಗಲ್ಲ" ಎಂದು ಹೇಳಿದೆ. ಯಾರಿಗೆ ಅನ್ನುವುದನ್ನು ಸಮಿತಿಯೇ ತೀರ್ಮಾನಿಸುತ್ತದೆ. ಅವರು ಒಪ್ಪಿ, ನರ್ಸಿಂಗ್ ವಿದ್ಯಾರ್ಥಿಗಳಿಗೆ ಎಂದಷ್ಟೇ ಬರೆದುಕೊಟ್ಟರು.

ಕೊಡುವಾಗಲೂ ಎಚ್ಚರ ಬೇಕು. ಹಣಕಾಸು ನೆರವಿನ ಕಚೇರಿಯ ಜೊತೆ ಮಾತಾಡಿಯೇ ಕೊಡುತ್ತೇವೆ. ಸುಮ್ನೆ ಕೊಟ್ಟರೆ ವಿದ್ಯಾರ್ಥಿಯ ಬೇರೆ ನೆರವಿಗೆ ಕತ್ತರಿ ಬೀಳಬಹುದು. ಅರ್ಜಿಯನ್ನು ಒಂದೇ ಪುಟಕ್ಕೆ ಇಳಿಸಿದ್ದೇವೆ, ಕಷ್ಟದಲ್ಲಿರುವವರಿಂದ ಪ್ರಬಂಧ ಬರೆಸಬಾರದು.

ಐಟಿಯಲ್ಲಿರುವ ನಮ್ಮವರಿಗೆ ನನ್ನ ಕೋರಿಕೆ ಇಷ್ಟು: ಆದಷ್ಟು ಷರತ್ತಿಲ್ಲದೆ ಕೊಡಿ. ಕೊಟ್ಟ ದಿನವೇ ಕಂಪನಿಯ ಮ್ಯಾಚಿಂಗ್ (ನೌಕರರ ದೇಣಿಗೆಗೆ ಕಂಪನಿಯೂ ಸೇರಿಸುವ ಹಣ) ಅರ್ಜಿಯನ್ನೂ ತುಂಬಿಬಿಡಿ. 250 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೆರಿಗೆ ವಿನಾಯಿತಿಗೆ, ದೇಣಿಗೆ ಬಂತು ಎಂಬ ನಮ್ಮ ಪತ್ರ ಬೇಕೇ ಬೇಕು, ಕೇಳಿ ಇಸ್ಕೊಳ್ಳಿ.